ಬಿಸಿನೆಸ್ ಡಿಗ್ರಿಯಲ್ಲಿ ಐಟಿ ಮ್ಯಾನೇಜ್‌ಮೆಂಟ್: ಓದುವುದು ಹೇಗೆ?

2012ರ ಆಗಸ್ಟ್ 1ರ ಬೆಳಿಗ್ಗೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ನಷ್ಟು ಹಣ ಕಳೆದುಕೊಂಡಿತು. ಎಂಟು ಸರ್ವರ್‌ಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ಆ ಒಂದರಲ್ಲಿ ವರ್ಷಗಳಿಂದ ಬಳಸದೇ ಉಳಿದಿದ್ದ ಹಳೇ ಕೋಡ್ ಮತ್ತೆ ಓಡಲು ಶುರುವಾಗಿ, ಬೇಡದ ಆರ್ಡರ್‌ಗಳನ್ನು ಒಂದೇ ಸಮನೆ ಕಳಿಸಿತು. ಮಾರುಕಟ್ಟೆ ತೆರೆಯುವ ಮೊದಲೇ ದೋಷದ ಸುಳಿವಿದ್ದ 97 ಇಮೇಲ್‌ಗಳು ಸಿಬ್ಬಂದಿಗೆ ತಾವಾಗಿಯೇ ಹೋಗಿದ್ದವು. ಯಾರೂ ಅವನ್ನು ಹಿಡಿದು ವಿಚಾರಿಸಲಿಲ್ಲ.

ಇದು ಕೋಡ್ ಬರೆದವರ ತಪ್ಪು ಮಾತ್ರ ಅಲ್ಲ ಅಲ್ವಾ? ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಬೇಕು ಎಂಬ ನಿಯಮ ಅಲ್ಲಿರಲಿಲ್ಲ. ಆ ಇಮೇಲ್‌ಗಳನ್ನು ಯಾರು ಓದಬೇಕು ಎಂದು ಗೊತ್ತುಮಾಡಿರಲಿಲ್ಲ. ಏನಾದರೂ ಕೆಟ್ಟರೆ ಯಾರು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನವೂ ಆಗಿರಲಿಲ್ಲ. ಐಟಿ ಮ್ಯಾನೇಜ್‌ಮೆಂಟ್ ಓದುವವರು ಕಲಿಯಬೇಕಾದದ್ದು ಇಂಥ ಪ್ರಶ್ನೆಗಳನ್ನು ಮುಂಚೆಯೇ ಕೇಳುವುದನ್ನು.

ಮೊದಲು ಸಿಲಬಸ್ ಕೈಗೆತ್ತಿಕೊಳ್ಳಿ

ಒಂದೊಂದು ಕಾಲೇಜಿನಲ್ಲಿ ಈ ವಿಷಯಕ್ಕೆ ಒಂದೊಂದು ಹೆಸರು. ಎಲ್ಲೋ ಎಂಐಎಸ್ (ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್), ಇನ್ನೆಲ್ಲೋ ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್. ಹೆಸರು ನೋಡಿ ನಿರ್ಧಾರ ಮಾಡಬೇಡಿ. ಡೇಟಾಬೇಸ್, ಸಿಸ್ಟಮ್ಸ್ ಅನಾಲಿಸಿಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಸೆಕ್ಯುರಿಟಿ, ಇಆರ್‌ಪಿ (ಲೆಕ್ಕ, ದಾಸ್ತಾನು, ಮಾರಾಟ ಎಲ್ಲವನ್ನೂ ಒಂದೇ ಕಡೆ ನಡೆಸುವ ಕಂಪನಿ ಸಾಫ್ಟ್‌ವೇರ್) – ಇವು ಇವೆಯೇ ನೋಡಿ. ಡೇಟಾಬೇಸ್‌ಗೆ ಲ್ಯಾಬ್ ಇದೆಯೇ, ಕೊನೆಯ ವರ್ಷ ಹೊರಗಿನ ಸಂಸ್ಥೆಯೊಂದಕ್ಕೆ ನಿಜವಾದ ಪ್ರಾಜೆಕ್ಟ್ ಮಾಡಿಸುತ್ತಾರೆಯೇ ಎಂದು ಸೀನಿಯರ್‌ಗಳನ್ನು ಕೇಳಿ. ಬರೀ ವ್ಯಾಖ್ಯೆ ಬರೆಸುವ ಕೋರ್ಸ್ ಆದರೆ ಕೈಯಿಂದ ಮಾಡಿ ಕಲಿಯುವ ಭಾಗವನ್ನು ನೀವೇ ಸೇರಿಸಿಕೊಳ್ಳಬೇಕಾಗುತ್ತದೆ.

ಕಂಪ್ಯೂಟರ್ ಸೈನ್ಸ್ ಓದುವವರು ಸಾಫ್ಟ್‌ವೇರ್ ಕಟ್ಟುವುದನ್ನು ಕಲಿಯುತ್ತಾರೆ. ಕಟ್ಟಬೇಕೋ ಕೊಳ್ಳಬೇಕೋ, ಎಷ್ಟು ಖರ್ಚು, ಯಾರ ಕೆಲಸ ಬದಲಾಗುತ್ತದೆ, ಕೆಟ್ಟರೆ ಯಾರು ಉತ್ತರ ಕೊಡಬೇಕು ಎನ್ನುವುದು ನಿಮ್ಮ ಪಾಲಿನ ಓದು. ಹಾಗಂತ ಟೆಕ್ನಿಕಲ್ ಭಾಗ ಬಿಟ್ಟರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಡೇಟಾಬೇಸ್ ಗೊತ್ತಿಲ್ಲದ ಮ್ಯಾನೇಜರ್‌ಗೆ ಸಾಫ್ಟ್‌ವೇರ್ ಮಾರುವ ವೆಂಡರ್ ಹೇಳಿದ್ದೇ ಸತ್ಯವಾಗಿಬಿಡುತ್ತದೆ.

ಒಂದು ಪ್ರೊಸೆಸ್ ಹಿಡಿದುಕೊಳ್ಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಿಮ್ಮ ಕಣ್ಣೆದುರೇ ನಡೆಯುವ ಒಂದು ಕೆಲಸ ಆರಿಸಿಕೊಳ್ಳಿ. ಕಾಲೇಜು ಲೈಬ್ರರಿಯಲ್ಲಿ ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಅಂತಿಟ್ಟುಕೊಳ್ಳೋಣ. ಡಿಗ್ರಿ ಮುಗಿಯುವವರೆಗೂ ಪ್ರತಿ ಹೊಸ ಪಾಠವನ್ನು ಇದೇ ಕೆಲಸದ ಮೇಲೆ ಹಚ್ಚಿ ನೋಡಿ.

ಲೈಬ್ರರಿ ಸಿಬ್ಬಂದಿಯ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ ಕೌಂಟರ್ ಪಕ್ಕ ಕೂತು ನೋಡಿ. ಹಾಳೆಯ ಮೇಲೆ ಅಡ್ಡ ಪಟ್ಟಿಗಳನ್ನು ಎಳೆಯಿರಿ: ವಿದ್ಯಾರ್ಥಿಗೆ ಒಂದು, ಸಿಬ್ಬಂದಿಗೆ ಒಂದು, ಕಂಪ್ಯೂಟರ್‌ಗೆ ಒಂದು. ಯಾರು ಏನು ಮಾಡುತ್ತಾರೋ ಅದನ್ನು ಅವರ ಪಟ್ಟಿಯಲ್ಲೇ ಬರೆದು ಬಾಣದಿಂದ ಜೋಡಿಸಿ. ಇದಕ್ಕೆ ಸ್ವಿಮ್‌ಲೇನ್ ಎನ್ನುತ್ತಾರೆ. ಎಲ್ಲ ಸರಿಯಾಗಿ ನಡೆದಾಗಿನ ಚಿತ್ರ ಬೇಗ ಮುಗಿಯುತ್ತದೆ. ಆಮೇಲೆ ಕೇಳಿ: ಪುಸ್ತಕ ಕಳೆದುಹೋದರೆ? ಕಾರ್ಡ್ ತರದಿದ್ದರೆ? ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ತೆಗೆದುಕೊಂಡರೆ? ಉತ್ತರ ಹೇಳುವಾಗ ಸಿಬ್ಬಂದಿ ಡ್ರಾಯರ್‌ನಿಂದ ಒಂದು ನೋಟ್‌ಬುಕ್ ತೆಗೆದರೆ ಖುಷಿಪಡಿ. ಸಿಸ್ಟಮ್‌ನಲ್ಲಿ ಜಾಗವಿಲ್ಲದ ಮಾಹಿತಿಯೆಲ್ಲ ಅದರಲ್ಲೇ ಇರುತ್ತದೆ.

ಅದೇ ಲೈಬ್ರರಿಯನ್ನು ಡೇಟಾಬೇಸ್ ಮಾಡಿ

ಮೊದಲು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿರಿ. ಪ್ರತಿ ಸಾಲಿನಲ್ಲಿ ವಿದ್ಯಾರ್ಥಿಯ ಹೆಸರು, ಫೋನ್, ಪುಸ್ತಕ, ಕೊಟ್ಟ ದಿನ. ಒಬ್ಬರು ಐದು ಪುಸ್ತಕ ತೆಗೆದುಕೊಂಡರೆ ಅವರ ಫೋನ್ ನಂಬರ್ ಐದು ಕಡೆ ಬರುತ್ತದೆ. ನಂಬರ್ ಬದಲಾದಾಗ ಮೂರು ಕಡೆ ತಿದ್ದಿ ಎರಡು ಕಡೆ ಮರೆತರೆ ಯಾವುದು ಸರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಷನಲ್ ಮಾಡೆಲ್ ಇಂಥ ತೊಂದರೆಗೆ ದಾರಿ ತೋರಿಸಿತು. ಪ್ರತಿ ವಿಷಯ ಒಂದೇ ಕಡೆ ಇರಲಿ, ಉಳಿದ ಕಡೆ ಅದರ ನಂಬರ್ ಸಾಕು.

ಹಾಗಾಗಿ ಸದಸ್ಯರು, ಪುಸ್ತಕಗಳು, ಎರವಲು (ಯಾರು ಯಾವ ಪುಸ್ತಕ ಯಾವಾಗ ಒಯ್ದರು) ಎಂದು ಮೂರು ಟೇಬಲ್ ಮಾಡುತ್ತೀರಿ. ಈಗ ಒಂದು ಪ್ರಶ್ನೆ: ಒಂದೇ ಪುಸ್ತಕದ ನಾಲ್ಕು ಪ್ರತಿಗಳಿದ್ದರೆ? ಯಾರ ಕೈಯಲ್ಲಿ ಯಾವ ಪ್ರತಿ ಇದೆ ಎಂದು ತಿಳಿಯಬೇಕಾದರೆ ಪ್ರತಿಗಳಿಗೇ ಇನ್ನೊಂದು ಟೇಬಲ್ ಬೇಕು. ಬೇಕೋ ಬೇಡವೋ ಎನ್ನುವುದನ್ನು ಕಂಪ್ಯೂಟರ್ ಹೇಳುವುದಿಲ್ಲ, ಲೈಬ್ರರಿಯವರು ಹೇಳಬೇಕು. ಟೇಬಲ್ ವಿನ್ಯಾಸ ಎಂದರೆ ಅರ್ಧ ಭಾಗ ಜನರನ್ನು ಸರಿಯಾದ ಪ್ರಶ್ನೆ ಕೇಳುವುದೇ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಇಪ್ಪತ್ತು ಸಾಲು ಮಾಹಿತಿ ತುಂಬಿ, ಗಡುವು ದಾಟಿದರೂ ವಾಪಸ್ ಬಾರದ ಪುಸ್ತಕಗಳ ಪಟ್ಟಿ ತೆಗೆಯಿರಿ. ವಾಪಸ್ ಬಂದ ದಿನದ ಜಾಗ ಖಾಲಿ ಇರಬೇಕು, ಗಡುವು ಇಂದಿಗಿಂತ ಹಿಂದಿನದಾಗಿರಬೇಕು. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಡೇಟಾಬೇಸ್‌ನಲ್ಲಿ ಖಾಲಿ ಜಾಗಕ್ಕೆ 'ನಲ್' ಎನ್ನುತ್ತಾರೆ. ಅದನ್ನು ಹುಡುಕಲು 'ಈಕ್ವಲ್ಸ್ ನಲ್' ಎಂದು ಬರೆದರೆ ಎರರ್ ಬರುವುದಿಲ್ಲ, ಉತ್ತರವೂ ಬರುವುದಿಲ್ಲ. 'ಈಸ್ ನಲ್' ಎಂದೇ ಬರೆಯಬೇಕು. ಎರರ್ ಬಾರದ ತಪ್ಪು ಇನ್ನೂ ಅಪಾಯ. ಪಟ್ಟಿ ಖಾಲಿ ಬಂದದ್ದನ್ನು ನೋಡಿ ಎಲ್ಲ ಪುಸ್ತಕವೂ ವಾಪಸ್ ಬಂದಿದೆ ಎಂದು ವರದಿ ಹೋಗಿಬಿಡಬಹುದು. ಅದಕ್ಕೇ ವರದಿ ಕೊಡುವ ಮೊದಲು ಉತ್ತರ ಗೊತ್ತಿರುವ ಒಂದೆರಡು ಸಾಲನ್ನು ಕೈಯಾರೆ ತಾಳೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಲೆಕ್ಕದ ತರಗತಿ ತಪ್ಪಿಸಬೇಡಿ

ಐಟಿ ಇಷ್ಟಪಟ್ಟು ಬಂದವರಿಗೆ ಅಕೌಂಟಿಂಗ್, ಫೈನಾನ್ಸ್ ಬೇಸರ ಅನ್ನಿಸಬಹುದು. ಆದರೆ ಕಂಪನಿಯಲ್ಲಿ ಯಾವ ಸಿಸ್ಟಮ್ ಬರಬೇಕು ಎಂಬುದು ಕೊನೆಗೆ ತೀರ್ಮಾನವಾಗುವುದು ಅಲ್ಲೇ. ಒಂದು ಸಾಫ್ಟ್‌ವೇರ್‌ಗೆ ಇವತ್ತು 100 ಲಕ್ಷ ಖರ್ಚು, ಅದರಿಂದ ಮೂರು ವರ್ಷ, ವರ್ಷಕ್ಕೆ 40 ಲಕ್ಷ ಉಳಿತಾಯ ಎನ್ನಿ. ಒಟ್ಟು 120 ಲಕ್ಷ, ಲಾಭವೇ ಅಲ್ವಾ? ಆದರೆ ಮುಂದೆ ಬರುವ ಹಣಕ್ಕೆ ಇವತ್ತಿನ ಹಣದಷ್ಟು ಬೆಲೆ ಇಲ್ಲ. ವರ್ಷಕ್ಕೆ ಶೇ 10ರ ದರದಲ್ಲಿ ಆ ಉಳಿತಾಯವನ್ನು ಇವತ್ತಿನ ಬೆಲೆಗೆ ಇಳಿಸಿ: 36.36, 33.06, 30.05. ಕೂಡಿದರೆ 99.47. ಅಂದರೆ ಅರ್ಧ ಲಕ್ಷದಷ್ಟು ನಷ್ಟ. ತರಬೇತಿ, ಹಳೇ ಡೇಟಾ ವರ್ಗಾವಣೆ, ವರ್ಷ ವರ್ಷದ ನಿರ್ವಹಣೆ ಇವನ್ನು ಇನ್ನೂ ಸೇರಿಸೇ ಇಲ್ಲ.

ಪ್ರಾಜೆಕ್ಟ್, ಸೆಕ್ಯುರಿಟಿ, ಸರ್ಟಿಫಿಕೇಟ್

ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವಾಗ ಎಂದು ತೋರಿಸುವ ಪಟ್ಟಿ), ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಪ್ರಾಜೆಕ್ಟನ್ನೇ ತಡಮಾಡುವ ಕೆಲಸಗಳ ಸರಣಿ) ಕಲಿಯಿರಿ. 2001ರಲ್ಲಿ 17 ಜನ ಸೇರಿ ಬರೆದ, ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿ ತಿದ್ದಿಕೊಳ್ಳುತ್ತಾ ಹೋಗಿ ಎನ್ನುವ ಅಜೈಲ್ ಪ್ರಣಾಳಿಕೆ ತೀರಾ ಚಿಕ್ಕದು, ಅದರ ಬಗ್ಗೆ ಬರೆದ ನೋಟ್ಸ್‌ಗಿಂತ ಅದನ್ನೇ ಓದಿ. ಜೊತೆಗೆ ಸೋತ ಪ್ರಾಜೆಕ್ಟ್‌ಗಳನ್ನು ಓದಿ. ಚಾಕೊಲೇಟ್ ಕಂಪನಿ ಹರ್ಶಿ 1999ರಲ್ಲಿ ಹೊಸ ಇಆರ್‌ಪಿ ಶುರು ಮಾಡಿದ್ದು ಹ್ಯಾಲೋವೀನ್ ಆರ್ಡರ್‌ಗಳು ಬರುವ ಹೊತ್ತಿಗೇ. ಸರಕು ಗೋದಾಮಿನಲ್ಲಿದ್ದರೂ ಸುಮಾರು 10 ಕೋಟಿ ಡಾಲರ್‌ನಷ್ಟು ಆರ್ಡರ್‌ಗಳನ್ನು ತಲುಪಿಸಲು ಆಗಲಿಲ್ಲ. ಯಾವ ತಿಂಗಳು ಶುರು ಮಾಡಬೇಕು ಎನ್ನುವುದೂ ಮ್ಯಾನೇಜ್‌ಮೆಂಟ್ ನಿರ್ಧಾರವೇ.

ಸೆಕ್ಯುರಿಟಿಗೆ ಅಮೆರಿಕದ ಅಂಗಡಿ ಸರಣಿ ಟಾರ್ಗೆಟ್‌ನ 2013ರ ಪ್ರಕರಣ ಸಾಕು. ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕದ್ದವರು ಒಳಬಂದದ್ದು ಶೀತಲೀಕರಣದ ಗುತ್ತಿಗೆದಾರರೊಬ್ಬರ ಲಾಗಿನ್ ಬಳಸಿ. ಹೊರಗಿನವರಿಗೆ ಎಷ್ಟು ಪ್ರವೇಶ ಕೊಡಬೇಕು ಎಂದು ನಿಮ್ಮ ಲೈಬ್ರರಿ ಚಿತ್ರದಲ್ಲೂ ಗುರುತು ಹಾಕಿ.

ಐಟಿಐಎಲ್ ಫೌಂಡೇಷನ್ (ಐಟಿ ಸೇವೆಗಳ ನಿರ್ವಹಣೆಯದು), ಸಿಎಪಿಎಂ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನದು) ಥರದ ಸರ್ಟಿಫಿಕೇಟ್‌ಗಳನ್ನು ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲೇ ಮಾಡಿದರೆ ಸುಮ್ನೆ ಪದಗಳ ಬಾಯಿಪಾಠ ಆಗುತ್ತದೆ.

ಇಂಟರ್ನ್‌ಶಿಪ್‌ನಲ್ಲಿ ಹೆಲ್ಪ್‌ಡೆಸ್ಕ್ ಕೇಳಿ

ತುಂಬಾ ಜನ ಡೇಟಾ ಅನಲಿಟಿಕ್ಸ್ ತಂಡವೇ ಬೇಕು ಎನ್ನುತ್ತಾರೆ. ಸಿಬ್ಬಂದಿಯ ಕಂಪ್ಯೂಟರ್ ತೊಂದರೆಗಳನ್ನು ಕೇಳಿ ಬಗೆಹರಿಸುವ ಹೆಲ್ಪ್‌ಡೆಸ್ಕ್‌ನಲ್ಲಿ ಕಲಿಯುವುದು ಜಾಸ್ತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಯಾವ ಸಿಸ್ಟಮ್ ಯಾರನ್ನು ಕಾಡುತ್ತಿದೆ ಎಂಬುದು ಅಲ್ಲಿನ ಟಿಕೆಟ್‌ಗಳಲ್ಲಿ, ಅಂದರೆ ದಾಖಲಾದ ದೂರುಗಳಲ್ಲಿ, ನೇರವಾಗಿ ಕಾಣುತ್ತದೆ. ಅನುಮತಿ ಪಡೆದು, ಹೆಸರುಗಳನ್ನು ತೆಗೆದು, ಒಂದು ತಿಂಗಳ ಟಿಕೆಟ್‌ಗಳನ್ನು ಕಾರಣದ ಪ್ರಕಾರ ವಿಂಗಡಿಸಿ. ಪಾಸ್‌ವರ್ಡ್ ಮರೆತವರು, ಪ್ರಿಂಟರ್ ತೊಂದರೆ, ಹೊಸ ಫಾರಂ ಅರ್ಥವಾಗದವರು ಎಂದು ಗುಂಪು ಮಾಡಿ. ಅತಿ ಹೆಚ್ಚು ಬಾರಿ ಬಂದ ಒಂದು ಕಾರಣ ಹಿಡಿದು, ಅದನ್ನು ಬುಡದಲ್ಲೇ ಸರಿಮಾಡಲು ಏನು ಬೇಕು, ಎಷ್ಟು ಖರ್ಚು, ಎಷ್ಟು ಗಂಟೆ ಉಳಿಯುತ್ತದೆ ಎಂದು ಒಂದೇ ಪುಟದಲ್ಲಿ ಬರೆದು ಮ್ಯಾನೇಜರ್‌ಗೆ ಕೊಡಿ. ಕೊಡುವ ಮೊದಲು ಐಟಿ ಗೊತ್ತಿಲ್ಲದ ಒಬ್ಬರಿಗೆ ಓದಿಸಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ.