ರುಬಾಬ್ ಒಳಗಿನ ಬೀಟ್

ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುವವನು, ಅದರಲ್ಲಿ ರುಬಾಬ್ ಅನ್ನುವ ಅಫ್ಘಾನ್ ತಂತಿವಾದ್ಯವನ್ನು ಬಳಸುತ್ತೇನೆ. ಅಪ್ಪ ಕಾಬೂಲಿನವರು. ಓದಲು ಮೈಸೂರಿಗೆ ಬಂದು, ಅಲ್ಲೇ ಅಮ್ಮನನ್ನು ಮದುವೆಯಾದರು. ಈಗ ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಮ್ಮನ ಜೊತೆ ಕನ್ನಡ, ಅಪ್ಪನ ಕಡೆಯವರ ಜೊತೆ ಅಫ್ಘಾನಿಸ್ತಾನದ ದರಿ ಭಾಷೆ. "ರುಬಾಬ್ ಹಾಕಿ ಟ್ರ್ಯಾಕ್ ಮಾಡ್ತೀಯಂತಲ್ಲ, ಹೇಗೆ ಶುರು ಮಾಡೋದು?" ಅಂತ ಕೇಳುವ ಕನ್ನಡದ ಹುಡುಗ ಹುಡುಗಿಯರು ಈಚೆಗೆ ಜಾಸ್ತಿ. ಅವರಿಗೆ ನಾನು ಹೇಳುವುದು ಇಷ್ಟೇ: ರುಬಾಬನ್ನು ಬೀಟ್ ಮೇಲೆ ಅಂಟಿಸಬೇಡಿ. ಅದರೊಳಗೇ ಒಂದು ಬೀಟ್ ಇದೆ, ಅದನ್ನು ಹಿಡಿಯಿರಿ.

ಫ್ರೀಮಾಂಟ್‌ನ ಸೆಂಟರ್‌ವಿಲ್ ಕಡೆಯ ಬೀದಿಗಳನ್ನು ಜನ ಲಿಟಲ್ ಕಾಬೂಲ್ ಅಂತಲೇ ಕರೆಯುತ್ತಾರೆ. 1979ರಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಮನೆ ಬಿಟ್ಟು ಬಂದ ಸಾವಿರಾರು ಜನ ಇಲ್ಲಿ ನೆಲೆಸಿದರು. ರುಬಾಬ್ ವಾದಕ ಹುಮಾಯೂನ್ ಸಖಿಯವರು ಕಾಬೂಲ್ ಬಿಟ್ಟ ಮೇಲೆ ಬಂದು ನೆಲೆಸಿದ್ದು ಇದೇ ಊರಲ್ಲಿ. ಹಾಗಾಗಿ ನನಗೆ ರುಬಾಬ್ ಹುಡುಕಿಕೊಂಡು ದೂರ ಹೋಗುವ ಕಷ್ಟ ಬರಲಿಲ್ಲ.

ನನ್ನ ಕಸುಬು ಶುರುವಾಗಿದ್ದು ಮದುವೆ ಮನೆಗಳಲ್ಲಿ. ಕಾಕಾ ಒಬ್ಬರು ಕೀಬೋರ್ಡ್ ನುಡಿಸುತ್ತಿದ್ದರು, ನಾನು ಸ್ಪೀಕರ್ ಕಟ್ಟಿ ಮಿಕ್ಸರ್ ಮುಂದೆ ಕೂರುತ್ತಿದ್ದೆ. ಆಮೇಲೆ ನಾನೇ ಡಿಜೆ ಆದೆ. ಅಫ್ಘಾನ್ ಮದುವೆಯಲ್ಲಿ ಡಿಜೆಗೆ ನಿಜವಾದ ಪರೀಕ್ಷೆ ಅತ್ತನ್ ಕುಣಿತ. ಎಲ್ಲರೂ ಸುತ್ತು ಕಟ್ಟಿ ನಿಧಾನವಾಗಿ ಶುರು ಮಾಡುತ್ತಾರೆ, ಸುತ್ತು ಸುತ್ತಿಗೂ ವೇಗ ಏರುತ್ತದೆ, ಕೊನೆಗೆ ಉಸಿರು ಸಿಗದ ಹಾಗೆ ತಿರುಗುತ್ತಾರೆ. ಊರಿನಲ್ಲಾದರೆ ಧೋಲ್ ಬಡಿಯುವವನು ಕುಣಿಯುವವರ ಕಾಲು ನೋಡಿಕೊಂಡು ಲಯ ಏರಿಸುತ್ತಾನೆ. ಕ್ಲಬ್ ಡಿಜೆ ಕಲಿಯುವ ಮೊದಲ ಪಾಠ ಇದಕ್ಕೆ ಪೂರ್ತಿ ಉಲ್ಟಾ: ವೇಗ ಅಲುಗಬಾರದು. ನಾನು ಮದುವೆಯಲ್ಲಿ ಕಲಿತದ್ದನ್ನೇ ಇಟ್ಟುಕೊಂಡೆ. ನಿಮಿಷಕ್ಕೆ 100 ಬೀಟ್‌ನಲ್ಲಿ ಶುರು ಮಾಡಿ 150ರ ಆಚೆ ಕರೆದೊಯ್ಯುತ್ತೇನೆ. ಏರಿಸುವ ಗಳಿಗೆಯನ್ನು ಮೊದಲೇ ಬರೆದಿಡುವುದಿಲ್ಲ, ಕಾಲು ನೋಡಿಯೇ ಏರಿಸುತ್ತೇನೆ.

ಇನ್ನು ರುಬಾಬ್. ಹಿಪ್ಪುನೇರಳೆ ಮರದ ಒಂದೇ ದಿಮ್ಮಿಯನ್ನು ಕೊರೆದು ಒಡಲು ಮಾಡುತ್ತಾರೆ, ಮೇಲೆ ಮೇಕೆ ಚರ್ಮ ಬಿಗಿಯುತ್ತಾರೆ. ನುಡಿಸುವ ತಂತಿ ಮೂರು. ಹಿಂದೆ ಕರುಳಿನದು, ಈಗ ನೈಲಾನ್. ಅದರ ಪಕ್ಕದಲ್ಲಿ ಹನ್ನೆರಡು, ಹದಿಮೂರು ತರಬ್ ತಂತಿಗಳು, ಅಂದರೆ ಮುಖ್ಯ ತಂತಿ ನುಡಿದಾಗ ತಾವೇ ಮಿಡಿಯುವ ತಂತಿಗಳು. ಸರೋದ್ ಹುಟ್ಟಿದ್ದು ಈ ವಾದ್ಯದಿಂದಲೇ. ಅಮ್ಮ ರಾಜೀವ ತಾರಾನಾಥರ ಸರೋದ್ ಕೇಳಿ ಬೆಳೆದವರು. ಹಾಗಾಗಿ ಅಪ್ಪನ ಕ್ಯಾಸೆಟ್‌ನಲ್ಲಿದ್ದ ರುಬಾಬ್ ಅಮ್ಮನಿಗೆ ಹೊರಗಿನದು ಅನ್ನಿಸಲೇ ಇಲ್ಲ. ಆದರೆ ರೆಕಾರ್ಡ್ ಮಾಡುವವನಿಗೆ ಎರಡೂ ಬೇರೆ ಬೇರೆ. ಸರೋದಿನಲ್ಲಿ ಬೆರಳು ಉಕ್ಕಿನ ತಂತಿಯನ್ನು ಲೋಹದ ತಗಡಿನ ಮೇಲೆ ಒತ್ತಿ ಜಾರುತ್ತದೆ, ಸ್ವರ ಉದ್ದಕ್ಕೆ ನಿಲ್ಲುತ್ತದೆ. ರುಬಾಬಿನ ಸ್ವರ ಟಕ್ ಅಂತ ಬಂದು ಬೇಗ ಆರುತ್ತದೆ. ಹಿಂದೆ ಉಳಿಯುವುದು ತರಬ್‌ನ ಗುಂಯ್ ಅನ್ನುವ ನಾದ. ಆ ಖಾಲಿ ಜಾಗ ತುಂಬಲು ರಿವರ್ಬ್ (ಕೃತಕ ಪ್ರತಿಧ್ವನಿ) ಸುರಿದರೆ ತರಬ್ ಮುಚ್ಚಿಹೋಗುತ್ತದೆ. ಅದಕ್ಕೇ ನಾನು ಒಂದು ಮೈಕನ್ನು ಚರ್ಮದಿಂದ ಒಂದು ಗೇಣು ದೂರ ಇಡುತ್ತೇನೆ, ಇನ್ನೊಂದನ್ನು ತರಬ್ ಇರುವ ಪಕ್ಕಕ್ಕೆ. ಆ ಎರಡನೆಯ ಮೈಕಿಗೆ ಬಿದ್ದ ನಾದದ ಬಾಲವನ್ನು ಕತ್ತರಿಸಿ, ಎಳೆದು ಉದ್ದ ಮಾಡಿ, ಅದನ್ನೇ ಟ್ರ್ಯಾಕಿನ ಹಿನ್ನೆಲೆಗೆ ಹಾಸುತ್ತೇನೆ. ಸಿಂಥಸೈಜರ್‌ನ ರೆಡಿಮೇಡ್ ಪ್ಯಾಡ್ (ಹಿನ್ನೆಲೆಯ ಉದ್ದನೆ ನಾದ) ಹಾಕಿದರೆ ಶ್ರುತಿ ಕೂದಲೆಳೆಯಷ್ಟು ಆಚೀಚೆಯಾಗಿ ಕಿವಿಗೆ ಚುಚ್ಚುತ್ತದೆ. ರುಬಾಬಿನದೇ ನಾದವಾದರೆ ಆ ತೊಂದರೆಯೇ ಇಲ್ಲ. ಒಂದು ಎಚ್ಚರ: ತೇವದ ಹವೆಯಲ್ಲಿ ಚರ್ಮ ಸಡಿಲವಾಗುತ್ತದೆ, ಹೀಟರ್ ಹಾಕಿದರೆ ಬಿಗಿಯುತ್ತದೆ. ವಾದ್ಯ ಕೋಣೆಗೆ ಹೊಂದಿಕೊಳ್ಳುವ ತನಕ ಸುಮ್ನೆ ಚಹಾ ಕುಡಿಯುತ್ತಾ ಕೂರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಪರಂದ್‌ಕಾರಿ ಅನ್ನುವ ನುಡಿಸುವ ಬಗೆ. ತರಬ್‌ನಲ್ಲಿ ಎಲ್ಲಕ್ಕಿಂತ ಗಿಡ್ಡ ತಂತಿಯೊಂದು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ಸ್ವಲ್ಪ ಎತ್ತರದಲ್ಲಿ ಕೂತಿರುತ್ತದೆ. ವಾದಕರು ರಾಗದ ಸ್ವರಗಳ ನಡುನಡುವೆ ಆ ತಂತಿಯನ್ನೂ ಮೀಟುತ್ತಾರೆ. ಚಿಣ್ ಚಿಣ್ ಅಂತ ಮೇಲಿನ ಷಡ್ಜ ಮಿಂಚಿ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅದು ಡ್ರಮ್ ಸೆಟ್ಟಿನ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮಾಡುವ ಕೆಲಸವನ್ನೇ ಮಾಡುತ್ತಿದೆ, ಅಲ್ವಾ? ಇದು ಕಿವಿಗೆ ಬಿದ್ದ ದಿನದಿಂದ ನನ್ನ ಟ್ರ್ಯಾಕ್‌ಗಳಲ್ಲಿ ಹೈ-ಹ್ಯಾಟ್ ಇಲ್ಲ. ರುಬಾಬಿನ ಕೆಳಗೆ ಕಿಕ್ (ದಪ್ಪ ಡ್ರಮ್ಮಿನ ಹೊಡೆತ) ಮತ್ತು ಬೇಸ್ ಇದ್ದರೆ ಸಾಕು. ಆ ಕಿಕ್ ಕೂಡ ವಾದಕರ ಷಡ್ಜಕ್ಕೇ ಶ್ರುತಿಯಾಗಿರಬೇಕು.

ತಾಳದಲ್ಲಿ ನನಗೆ ಅಮ್ಮನ ಕಡೆಯಿಂದ ಬಂದದ್ದು ತುಂಬಾ ಉಪಯೋಗಕ್ಕೆ ಬಂತು. ಅಫ್ಘಾನ್ ಸಂಗೀತದಲ್ಲಿ ಮೊಘೋಲಿ ಅನ್ನುವ ಏಳು ಮಾತ್ರೆಯ ತಾಳವಿದೆ, ಮೂರು ಎರಡು ಎರಡು. ಮಿಶ್ರಛಾಪು ಗೊತ್ತಿರುವವರು ತಕಿಟ ತಕದಿಮಿ ಅಂದುಕೊಂಡು ತಕ್ಷಣ ಕೈಹಾಕಬಹುದು. ಕ್ಲಬ್ಬಿಗೆ ಬರುವವರ ಕಾಲು ಮಾತ್ರ ನಾಲ್ಕಕ್ಕೆ ಒಗ್ಗಿರುತ್ತದೆ. ಹಾಗಂತ ನಾನು ಏಳನ್ನು ಎಂಟು ಮಾಡುವುದಿಲ್ಲ. ಎರಡೆರಡು ಮಾತ್ರೆಗೆ ಒಂದು ಕಿಕ್ ಇಡುತ್ತೇನೆ. ಮೊದಲ ಆವರ್ತದಲ್ಲಿ ಅದು 1, 3, 5, 7ನೇ ಮಾತ್ರೆಗೆ ಬೀಳುತ್ತದೆ, ಎರಡನೆಯದರಲ್ಲಿ 2, 4, 6ಕ್ಕೆ. ಹದಿನಾಲ್ಕು ಮಾತ್ರೆ ಮುಗಿದಾಗ ರುಬಾಬ್ ಮತ್ತು ಕಿಕ್ ಮತ್ತೆ ಸಮದಲ್ಲಿ, ಅಂದರೆ ತಾಳದ ಮೊದಲ ಮಾತ್ರೆಯಲ್ಲಿ, ಕೂಡುತ್ತವೆ. ಕುಣಿಯುವವರು ನೇರವಾಗಿ ಹೆಜ್ಜೆ ಹಾಕುತ್ತಿರುತ್ತಾರೆ, ಎರಡು ಆವರ್ತಕ್ಕೊಮ್ಮೆ ಮೈ ಜುಮ್ಮೆನ್ನುತ್ತದೆ. ನನಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ರೆಕಾರ್ಡಿಂಗ್ ಹೊತ್ತಲ್ಲಿ ವಾದಕರ ಕಿವಿಗೆ ಕ್ಲಿಕ್ (ಲಯ ತೋರಿಸುವ ಯಂತ್ರದ ಸದ್ದು) ಕೊಡುವುದಿಲ್ಲ. ನಾನು ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು, ನಾನವರನ್ನು ಉಸ್ತಾದ್ ಜಾನ್ ಅಂತ ಕರೆಯುವುದು, "ಆ ಟಿಕ್ ಟಿಕ್ ನಿಲ್ಲಿಸು ಮಗನೇ, ನನ್ನ ಕೈ ಕೇಳು" ಅಂದಿದ್ದರು. ಅವರು ನುಡಿಸಿದ ಮೇಲೆ ಏಬಲ್ಟನ್ ಲೈವ್ ಅನ್ನುವ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸಮಕ್ಕೂ ಒಂದೊಂದು ವಾರ್ಪ್ ಮಾರ್ಕರ್ (ಲಯದ ಗುರುತು) ಇಟ್ಟು, ಇಡೀ ಪ್ರಾಜೆಕ್ಟಿನ ಟೆಂಪೋ ಅವರ ಕೈಯನ್ನು ಹಿಂಬಾಲಿಸುವ ಹಾಗೆ ಮಾಡುತ್ತೇನೆ. ಬೇಸರದ ಕೆಲಸ, ಹೌದು. 1974ರಲ್ಲಿ ಉಸ್ತಾದ್ ಮೊಹಮ್ಮದ್ ಒಮರ್ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರುಬಾಬ್ ನುಡಿಸಿದಾಗ ತಬಲಾ ಹಿಡಿದದ್ದು ಜಾಕಿರ್ ಹುಸೇನ್. ಆ ರೆಕಾರ್ಡಿಂಗ್ ಸಿಗುತ್ತದೆ, ಕೇಳಿ. ತಬಲಾ ಹೇಗೆ ಕಾಯುತ್ತದೆ, ಎಲ್ಲಿ ಮುಂದೆ ಬರುತ್ತದೆ ಅನ್ನುವುದನ್ನು ಗಮನಿಸಿ. ನನ್ನ ಡ್ರಮ್ ಮಶೀನಿಗೆ ಅದೇ ಗುರು.

ಒಂದು ಲೇಬಲ್‌ನವರು (ಸಂಗೀತ ಬಿಡುಗಡೆ ಮಾಡುವ ಕಂಪನಿಯವರು) ನನ್ನ ಟ್ರ್ಯಾಕ್ ಒಪ್ಪಿ, ಕವರಿಗೆ ಮರಳುಗಾಡು, ಒಂಟೆಯ ಚಿತ್ರ ಕಳಿಸಿದರು. ಕಾಬೂಲ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಸುತ್ತ ಬೆಟ್ಟ, ಚಳಿಗಾಲದಲ್ಲಿ ಹಿಮ. ಬದಲಿಸಿ ಅಂದೆ, ಅವರು ಒಪ್ಪಲಿಲ್ಲ, ಟ್ರ್ಯಾಕ್ ವಾಪಸ್ ತಗೊಂಡೆ. ಅಲ್ಲಿಂದ ಈಚೆಗೆ ನನ್ನದನ್ನು ನಾನೇ ಬಿಡುಗಡೆ ಮಾಡುತ್ತೇನೆ. ಕಾಬೂಲಿನಲ್ಲಿ ಹುಟ್ಟಿ ಹ್ಯಾಂಬರ್ಗ್‌ನಲ್ಲಿ ಬೆಳೆದ ಫರ್ಹೋತ್ ಅವರ ಹಿಪ್‌ಹಾಪ್ ಕೆಲಸ ನೋಡಿಯೇ ಈ ಧೈರ್ಯ ಬಂದದ್ದು.

ಸ್ಟ್ರೀಮಿಂಗ್ ದುಡ್ಡಿನಿಂದ ಮನೆ ನಡೆಯುವುದಿಲ್ಲ. ನನ್ನ ಮನೆ ನಡೆಯುವುದು ಮದುವೆಗಳಿಂದ, ಡಾಕ್ಯುಮೆಂಟರಿ ಮತ್ತು ಗೇಮ್‌ಗಳ ಹಿನ್ನೆಲೆ ಸಂಗೀತದಿಂದ, ಸ್ವಲ್ಪ ಪಾಠದಿಂದ. ಆದರೂ ಹಕ್ಕಿನ ಕಾಗದ ಸರಿಯಿರಬೇಕು. ಅಮೆರಿಕದಲ್ಲಿ ರಚನೆಯ ಹಕ್ಕು ಬೇರೆ, ರೆಕಾರ್ಡಿಂಗ್ ಹಕ್ಕು ಬೇರೆ. ರಚನೆಯನ್ನು ಆಸ್ಕ್ಯಾಪ್ ಅಥವಾ ಬಿಎಂಐ ಅನ್ನುವ, ರಚನಕಾರರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಇಂಟರ್‌ನೆಟ್ ರೇಡಿಯೊ, ಸ್ಯಾಟಲೈಟ್ ರೇಡಿಯೊದ ದುಡ್ಡು ಸೌಂಡ್‌ಎಕ್ಸ್‌ಚೇಂಜ್ ಅನ್ನುವ ಸಂಸ್ಥೆಯ ಮೂಲಕ ಬರುತ್ತದೆ. ಅದರಲ್ಲಿ ನೂರಕ್ಕೆ 50 ಭಾಗ ರೆಕಾರ್ಡಿಂಗ್ ಮಾಲೀಕರಿಗೆ, 45 ಮುಖ್ಯ ಕಲಾವಿದರಿಗೆ, 5 ಉಳಿದ ವಾದಕರ ನಿಧಿಗೆ. ರುಬಾಬ್ ವಾದಕರನ್ನು ಮುಖ್ಯ ಕಲಾವಿದರ ಸಾಲಿನಲ್ಲಿ ಬರೆಯದಿದ್ದರೆ ಅವರಿಗೆ ಆ 45ರಲ್ಲಿ ಪಾಲು ಇಲ್ಲ. ನಾನು ಬರೆಯುತ್ತೇನೆ, ಮೈಕ್ ಆನ್ ಮಾಡುವ ಮುಂಚೆಯೇ.

ಹಳೇ ಕ್ಯಾಸೆಟ್‌ಗಳಿಂದ ಸ್ಯಾಂಪಲ್ (ಹೊಸ ಟ್ರ್ಯಾಕಿಗೆ ಹಾಕುವ ತುಣುಕು) ಕತ್ತರಿಸುವುದಿಲ್ಲ. 1996ರಿಂದ 2001ರ ತನಕ ತಾಲಿಬಾನ್ ಸಂಗೀತ ನಿಷೇಧಿಸಿತ್ತು, 2021ರ ಆಗಸ್ಟ್‌ನಲ್ಲಿ ಅವರು ಮರಳಿ ಅಧಿಕಾರ ಹಿಡಿದ ಮೇಲೆ ಮತ್ತೆ ಅದೇ ಪಾಡು. ಅಫ್ಘಾನಿಸ್ತಾನದ ರಾಷ್ಟ್ರೀಯ ಸಂಗೀತ ಸಂಸ್ಥೆಯೇ ಪೋರ್ಚುಗಲ್‌ಗೆ ಹೋಗಬೇಕಾಯಿತು. 2023ರಲ್ಲಿ ಹೆರಾತ್‌ನಲ್ಲಿ ವಾದ್ಯಗಳನ್ನು ರಾಶಿ ಹಾಕಿ ಸುಟ್ಟರು. ಕೆಲಸ ಕಳೆದುಕೊಂಡ ವಾದಕರು ಇವತ್ತೂ ಇದ್ದಾರೆ, ದೇಶದ ಒಳಗೂ ಹೊರಗೂ. ಅವರ ಕೈಯಲ್ಲಿ ಹೊಸದಾಗಿ ನುಡಿಸಿ, ಕೂಲಿ ಕೊಡಬಹುದಾದಾಗ ಹಳೆಯದನ್ನು ಯಾಕೆ ಕತ್ತರಿಸಬೇಕು? ಒಳಗಿರುವವರು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಹಿಂದೆ ನಾಯಿ ಬೊಗಳುವುದೂ ಕೇಳಿಸುತ್ತದೆ, ಇರಲಿ. ಕೂಲಿ ಮುಂಗಡ, ಪಾಲು ಆಮೇಲೆ. ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನು ಅವರೇ ಹೇಳುತ್ತಾರೆ. ಬೇಡ ಅಂದವರ ಪಾಲನ್ನು ಅವರು ಸೂಚಿಸಿದ ನೆಂಟರ ಖಾತೆಗೆ ಕಳಿಸುತ್ತೇನೆ.