ಮಡಿಕೇರಿ ಏರಿಗೆ ಸೈಕಲ್: ತೊಂದರೆ ಇದ್ದದ್ದು ಇಳಿಜಾರಲ್ಲಿ

‘ಮಡಿಕೇರಿ ಏರಿಗೆ ಸೈಕಲ್ಲಾ ಮಾರಾಯ? ಇದೇನು ಮೈಸೂರಾ?’ ಅಂತ ನನ್ನ ರಿಪೇರಿ ಅಂಗಡಿ ಮುಂದೆ ನಿಂತು ನಕ್ಕವರಲ್ಲಿ ಇಬ್ಬರು ಈ ಜನವರಿಯಲ್ಲಿ ತಮ್ಮ ಮಕ್ಕಳ ಸೈಕಲ್ ತಂದು ಬಿಟ್ಟು ಹೋದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ. ಈಗ ಬೆಳಿಗ್ಗೆ 8:10ಕ್ಕೆ ಶಾಲೆಗೆ ನಮ್ಮ ಸೈಕಲ್ ಸಾಲು ಹೊರಡುವಾಗ 20–23 ಮಕ್ಕಳಿರುತ್ತಾರೆ. ಶುರುವಿನಲ್ಲಿ ನಾಲ್ಕೇ ಜನ. ಅದರಲ್ಲಿ ಒಬ್ಬ ನನ್ನ ಮಗ, ಒಬ್ಬಳು ತಂಗಿ ಮಗಳು.

ಮೈಸೂರಿನ ಮಾತು ಎತ್ತಿದವರದ್ದೂ ತಪ್ಪಿಲ್ಲ. ಅಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ನಾನೂ ಹೋಗಿ ಒಂದು ಸುತ್ತು ಹೊಡೆದು ಬಂದವನೇ. ಅದು ಬಹುಮಟ್ಟಿಗೆ ಸಮತಟ್ಟು ಊರು. ನಮ್ಮದು ಸುಮಾರು 1,150 ಮೀಟರ್ ಎತ್ತರದಲ್ಲಿ, ಮನೆಯಿಂದ ಹಾಲಿನ ಅಂಗಡಿಗೆ ಹೋಗಬೇಕಾದರೂ ಒಂದು ಏರು, ಒಂದು ಇಳಿಜಾರು. ಹಾಗಾಗಿ ನಾನೂ ಮೊದಲು ಏರಿನ ಬಗ್ಗೆಯೇ ತಲೆ ಕೆಡಿಸಿಕೊಂಡೆ. ದುಡ್ಡು ಕಳೆದದ್ದೂ ಅಲ್ಲೇ.

ಮೈಸೂರಿನಿಂದ ಮೂರು ಹಳೆ ಗೇರ್ ಸೈಕಲ್ ತಂದೆ, ಹದಿಮೂರೋ ಹದಿನಾಲ್ಕೋ ಸಾವಿರ. ಮಕ್ಕಳು ಏರಿನ ಮಧ್ಯೆ ನಿಂತು ಗೇರ್ ಒತ್ತುತ್ತಿದ್ದರು, ಚೈನ್ ಕಳಚಿ ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಜೂನ್ ಮಳೆ ಹಿಡಿದ ಮೇಲೆ ಕೇಬಲ್ ತುಕ್ಕು ಹಿಡಿದು ಗೇರ್ ಇದ್ದಲ್ಲೇ ಕೂತಿತು. ಮೂರನ್ನೂ ಸೇರಿಸಿ ಐದು ಸಾವಿರಕ್ಕೆ ಕೊಟ್ಟು ಕೈತೊಳೆದುಕೊಂಡೆ.

ಆಮೇಲೆ ಕಣ್ಣಿಗೆ ಬಿದ್ದದ್ದು ಸರ್ಕಾರಿ ಸೈಕಲ್. ಎಂಟನೇ ಕ್ಲಾಸಿನವರಿಗೆ 2006–07ರಿಂದ ಕೊಡಲು ಶುರುಮಾಡಿದ ಆ ಸೈಕಲ್‌ಗಳು ಎಷ್ಟೋ ಮನೆಗಳ ಸೌದೆ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಒಂದಕ್ಕೆ 400–500 ಕೊಟ್ಟರೆ ‘ತಗೊಂಡು ಹೋಗಣ್ಣ, ಜಾಗ ಖಾಲಿಯಾಗಲಿ’ ಅನ್ನುತ್ತಿದ್ದರು. ಹಿಂದಿನ ಚಕ್ರದಲ್ಲಿ ಚೈನ್ ಕೂರುವ 18 ಹಲ್ಲಿನ ಫ್ರೀವೀಲ್ ತೆಗೆದು 22ರದ್ದು ಹಾಕಿದೆ, ಹಲ್ಲು ಹೆಚ್ಚಾದರೆ ತುಳಿತ ಹಗುರ. ಏರಿನ ಕಥೆ ಅಷ್ಟಕ್ಕೇ ಮುಗಿಯಿತು. ಓಂಕಾರೇಶ್ವರ ದೇವಸ್ಥಾನದ ತಗ್ಗಿನಿಂದ ಪೇಟೆಗೆ ಹತ್ತುವಾಗ ದೊಡ್ಡ ಮಕ್ಕಳು ತುಳಿಯುತ್ತಾರೆ, ಚಿಕ್ಕವರು ಇಳಿದು ತಳ್ಳುತ್ತಾರೆ. ಹತ್ತು ನಿಮಿಷ ತಳ್ಳಿದರೆ ಏನಾಯಿತು? ಏರಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರನ್ನು ನಾನಂತೂ ನೋಡಿಲ್ಲ.

ಪೆಟ್ಟಾಗುವುದು ಇಳಿಜಾರಲ್ಲಿ. ಆ ಜುಲೈಯಲ್ಲಿ ಒಬ್ಬ ಹುಡುಗ ಎರಡೂ ಬ್ರೇಕ್ ಹಿಡಿದೇ ಬರುತ್ತಿದ್ದ, ಸೈಕಲ್ ಮಾತ್ರ ನಿಲ್ಲಲಿಲ್ಲ. ಸ್ಟೀಲ್ ರಿಮ್ ಮೇಲೆ ನೀರು ಕೂತರೆ ರಬ್ಬರ್ ಹಿಡಿಯುವುದಿಲ್ಲ ಅನ್ನುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಗೊತ್ತಿದ್ದೂ ಬಿಟ್ಟಿದ್ದು ನನ್ನ ತಪ್ಪು. ಎದುರಿಂದ ಜೀಪು ಬರುತ್ತಿತ್ತು, ಹುಡುಗ ಜಾಣ, ಚರಂಡಿಗೆ ತಿರುಗಿಸಿದ. ಮೊಣಕೈ ಚರ್ಮ ಕಿತ್ತುಹೋಯಿತು, ಬೇರೇನೂ ಆಗಲಿಲ್ಲ. ಅವನ ಅಮ್ಮ ಅಂಗಡಿಗೆ ಬಂದು ಬೈಯಲೂ ಇಲ್ಲ, ಸೈಕಲ್ ಒಳಗಿಟ್ಟು ಸುಮ್ಮನೆ ಹೋದರು. ಎರಡು ತಿಂಗಳು ಸಾಲು ನಿಂತಿತು.

ಆ ಎರಡು ತಿಂಗಳಲ್ಲೇ ಈಗಿನ ಸೈಕಲ್ ತಯಾರಾಯಿತು. ಕೇಬಲ್ ಬದಲು ಸರಳಿನಿಂದ ಎಳೆಯುವ ಹಳೆ ರಾಡ್ ಬ್ರೇಕ್ ಪೂರ್ತಿ ಕಿತ್ತೆಸೆದೆ. ಅಲ್ಯೂಮಿನಿಯಂ ರಿಮ್ ಹಾಕಲು 28 ಇಂಚಿನ ಚಕ್ರದಿಂದ 26ಕ್ಕೆ ಇಳಿಸಿದೆ. ಚಕ್ರ ಚಿಕ್ಕದಾದ್ದರಿಂದ ಏರಿಗೆ ಇನ್ನೂ ಹಗುರವಾಯಿತು, ಅದು ಬಿಟ್ಟಿ ಲಾಭ. ಮುಂದೆ ವಿ-ಬ್ರೇಕ್ (ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಕೇಬಲ್ ಬ್ರೇಕ್) ಕೂರುವ ಫೋರ್ಕ್, ಅಂದರೆ ಚಕ್ರ ಹಿಡಿಯುವ ಕವಲು. ಹಿಂದೆ ಆ ಬ್ರೇಕ್ ಕೂರಲು ಫ್ರೇಮಿಗೇ ಬಾಸ್, ಅಂದರೆ ಸಣ್ಣ ಗೂಟ, ಬೆಸುಗೆ. ಬೆಸುಗೆಯವನು ಮೊದಲ ನಾಲ್ಕನ್ನು ಓರೆ ಕೂರಿಸಿದ, ಕತ್ತರಿಸಿ ಮತ್ತೆ ಹಾಕಿಸಬೇಕಾಯಿತು. ಬ್ರೇಕ್ ರಬ್ಬರ್ ಆರು ಥರ ಪರೀಕ್ಷೆ ಮಾಡಿದೆ, ಮಳೆಯಲ್ಲಿ ನಾನೇ ಇಳಿದು. ಯಾವುದು ಗೆದ್ದಿತು ಅಂತ ಮಾತ್ರ ಕೇಳಬೇಡಿ. ಮಳೆಗಾಲದಲ್ಲಿ ಚೈನಿಗೆ ಹಾಕುವ ಎಣ್ಣೆಯ ಮಿಶ್ರಣವೂ ಹಾಗೇ, ಅದು ಅಂಗಡಿಯ ಗುಟ್ಟು.

ಹಳೆ ಸೈಕಲ್, ರಿಮ್, ಕಡ್ಡಿ, ಫೋರ್ಕ್, ಬ್ರೇಕ್ ಎಲ್ಲ ಸೇರಿ ನನಗೆ 2,800ರ ಹತ್ತಿರ ಬೀಳುತ್ತೆ. 3,400ಕ್ಕೆ ಕೊಡುತ್ತೇನೆ. ಮೊದಲ ವರ್ಷ ಏನಿಲ್ಲವೆಂದರೂ ನಲವತ್ತು ಸಾವಿರ ಕೈಬಿಟ್ಟಿತು. ‘ಇದು ಅಂಗಡಿಯಾ, ಸೈಕಲ್ ಆಸ್ಪತ್ರೆಯಾ?’ ಅಂತ ಮನೆಯವಳು ಕೇಳಿದ್ದೂ ಆಯಿತು.

ಈ ಮಧ್ಯೆ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಹಬ್ (ಚಕ್ರದ ನಡುವಿನ ಗುಂಬ) ಒಂದನ್ನು ತರಿಸಿದ್ದೆ. ಕೇಬಲ್ ಇಲ್ಲ, ತುಕ್ಕಿಲ್ಲ, ಮಕ್ಕಳಿಗೆ ಸುಲಭ ಅಂತ ಆಸೆ. ರಾಜಾಸೀಟ್ ಕಡೆಯಿಂದ ಎರಡು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸ್ ಸುಟ್ಟ ವಾಸನೆ, ಹಬ್ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಉದ್ದ ಇಳಿಜಾರಿಗೆ ಅದು ಆಗಿಬರುವುದಿಲ್ಲ. 250 ವ್ಯಾಟ್ ಮೋಟಾರ್ ಕಿಟ್ಟನ್ನೂ ಒಂದಕ್ಕೆ ಕಟ್ಟಿದೆ, 18 ಸಾವಿರವೇನೋ. ಏರಿಗೆ ದೇವರಂತೆ ಹತ್ತಿತು. ಆಗಸ್ಟಿನಲ್ಲಿ ಮೋಟಾರಿಗೆ ಕರೆಂಟು ಹಂಚುವ ಕಂಟ್ರೋಲರಿಗೆ ನೀರು ಹೋಗಿ ದೇವರು ಮಲಗಿದ. ಈಗ ಬೇಸಿಗೆಯಲ್ಲಿ ನಾನೇ ಓಡಿಸುತ್ತೇನೆ.

ಸೈಕಲ್ ಸರಿಯಾದರೂ ಎರಡು ವಿಷಯ ಬಾಕಿಯಿತ್ತು. ಒಂದು ಶಾಲೆ ಬ್ಯಾಗು. ಬೆನ್ನ ಮೇಲೆ ಆರೇಳು ಕೆ.ಜಿ. ಹೊತ್ತು ಇಳಿಯುವ ಮಗು ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತೆ, ಹ್ಯಾಂಡಲ್ ನಡುಗುತ್ತೆ. ಇನ್ನೊಂದು, ಸ್ಟ್ಯಾಂಡಿನ ಆಟೋದವರು. ಶಾಲೆ ಟ್ರಿಪ್ ತಪ್ಪುತ್ತೆ ಅಂತ ಅವರಿಗೆ ನನ್ನ ಮೇಲೆ ಕೋಪ. ಎರಡನ್ನೂ ಒಟ್ಟಿಗೇ ಬಗೆಹರಿಸಿದೆ, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ತಿಂಗಳಿಗೆ ಮಗುವಿಗೆ 150 ರೂಪಾಯಿಯಂತೆ ಬ್ಯಾಗುಗಳೆಲ್ಲ ಒಂದು ಆಟೋದಲ್ಲಿ ಹೋಗುತ್ತವೆ. ಜೋರು ಮಳೆ, ದಟ್ಟ ಮಂಜು ಇದ್ದ ದಿನ ಮಕ್ಕಳೂ ಆಟೋದಲ್ಲೇ, ಅದಕ್ಕೆ ಬೇರೆ ಲೆಕ್ಕ.

ಅದೇ ಆಟೋ ಇನ್ನೊಂದು ಕೆಲಸಕ್ಕೂ ಬಂತು. ನಾವು ಇಳಿಯುವ ದಾರಿಯ ತಿರುವಿನಲ್ಲಿ ಕಾರು, ಪಿಕಪ್‌ಗಳು ಬೀಸಿಕೊಂಡು ಬರುತ್ತಿದ್ದವು. ಅದರಲ್ಲೂ ಶನಿವಾರ ಹೋಂಸ್ಟೇ ಹುಡುಕುವವರು. ಒಂದು ಕಚೇರಿಗೆ ಹಂಪ್ ಕೇಳಿ ಮೂರು ಅರ್ಜಿ ಕೊಟ್ಟೆ, ಮೂರಕ್ಕೂ ಸೀಲು ಹಾಕಿ ಕೊಟ್ಟರು, ಅಷ್ಟೇ. ಒಂದು ದಿನ ಬ್ಯಾಗಿನ ಆಟೋ ಕೆಟ್ಟು ತಿರುವಿನ ಮೊದಲೇ, ಎಲ್ಲರಿಗೂ ಕಾಣುವಲ್ಲಿ, ಇಂಡಿಕೇಟರ್ ಹಾಕಿ ನಿಂತಿತ್ತು. ಅವತ್ತು ಒಂದು ಗಾಡಿಯೂ ಬೀಸಿ ಬರಲಿಲ್ಲ. ರಸ್ತೆ ಕಿರಿದಾಗಿ ಕಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತೆ. ಈಗ ದಿನಾ ಹತ್ತು ನಿಮಿಷ ಆಟೋ ಅಲ್ಲೇ ನಿಲ್ಲುತ್ತೆ, ಕೆಡದೇ. ಸಾಲಿನ ಮುಂದೆ ನಾನು, ಹಿಂದೆ ಒಬ್ಬರು ಅಪ್ಪ ಅಥವಾ ಅಮ್ಮ, ಪಾಳಿ ಮೇಲೆ. ಮಧ್ಯೆ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ.

ಶಾಲೆ ಗೇಟಿನ ಮುಂದೆ ಮೊದಲು ಕಾರು ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ನಾನು ಕಣ್ಣಳತೆಯಲ್ಲಿ ಎಣಿಸಿದ ಹಾಗೆ ಹದಿನಾಲ್ಕು ಹದಿನೈದು ಕಮ್ಮಿಯಾಗಿವೆ. ಚರಂಡಿಗೆ ಬಿದ್ದ ಹುಡುಗ ಈಗ ಹತ್ತನೇ ಕ್ಲಾಸು, ಸಾಲಿನ ಹಿಂದೆ ಅವನ ಅಮ್ಮನ ಪಾಳಿ ಗುರುವಾರ.

ವಿರಾಜಪೇಟೆಯಿಂದ ಒಬ್ಬರು ಬಂದು ಎಲ್ಲ ಅಳತೆ ಬರೆದುಕೊಂಡು ಹೋಗಿದ್ದಾರೆ. ಫೋರ್ಕ್ ಎಲ್ಲಿ ಸಿಗುತ್ತೆ, ಬಾಸ್ ಎಷ್ಟು ಎತ್ತರಕ್ಕೆ ಕೂರಬೇಕು, ಎಲ್ಲ ಹೇಳಿದೆ. ರಬ್ಬರಿನ ಹೆಸರು ಕೇಳಿದಾಗ ಕಾಫಿ ಕುಡಿಸಿ ಕಳಿಸಿದೆ.