ಪವರ್ಗದ ಅಕ್ಷರಗಳೊಡನೆ ಮೂರು ವರ್ಷ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಎಡಗಿವಿಯ ಹಿಂದೆ ತಲೆಬುರುಡೆಯನ್ನು ತೆರೆದು ಗಡ್ಡೆಯೊಂದನ್ನು ತೆಗೆದು ಈಗ ಮೂರು ವರ್ಷವಾಯಿತು. ವೆಸ್ಟಿಬ್ಯುಲರ್ ಶ್ವಾನೋಮ ಎಂದು ಅದರ ಹೆಸರು. ಅದು ಕ್ಯಾನ್ಸರ್ ಅಲ್ಲ; ಸಮತೋಲನದ ನರವನ್ನು ಹೊದ್ದಿರುವ ಶ್ವಾನ್ ಕೋಶಗಳಿಂದ ಹುಟ್ಟುತ್ತದೆ. ಆ ನರವೂ ಕೇಳಿಸುವ ನರವೂ ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವೂ ಕಿವಿಯ ಮೂಳೆಯೊಳಗಿನ ಒಂದೇ ಇಕ್ಕಟ್ಟಾದ ಕಾಲುವೆಯಲ್ಲಿ ಒತ್ತೊತ್ತಾಗಿ ಸಾಗುವುದರಿಂದ, ಗಡ್ಡೆ ಪೂರ್ತಿಯಾಗಿ ಹೋದರೂ ನನ್ನ ಎಡಗಿವಿ ಕಿವುಡಾಯಿತು, ನಡಿಗೆ ಓಲಾಡತೊಡಗಿತು, ಮುಖದ ಎಡಭಾಗ ಜೋತುಬಿದ್ದಿತು. ಮುಖದ ನರ ತುಂಡಾಗಿಲ್ಲ, ಎಳೆತಕ್ಕೆ ಸಿಕ್ಕಿ ನೊಂದಿದೆ ಎಂದು ಶಸ್ತ್ರವೈದ್ಯರು ತಿಳಿಸಿದ್ದರು.

ಮೊದಲ ತಿಂಗಳಲ್ಲಿ ನನ್ನ ಚಿಂತೆಯೆಲ್ಲ ಓರೆಯಾದ ಬಾಯಿಯದಾಗಿತ್ತು. ನಾನು ಕಾಪಾಡಿಕೊಳ್ಳಬೇಕಾಗಿದ್ದುದು ಕಣ್ಣನ್ನು. ರೆಪ್ಪೆಯನ್ನು ಎತ್ತುವ ನರ ಬೇರೆ, ಮುಚ್ಚುವ ನರ ಬೇರೆ. ಆದ್ದರಿಂದ ನನ್ನ ಎಡಗಣ್ಣು ಚೆನ್ನಾಗಿಯೇ ತೆರೆಯುತ್ತಿತ್ತು, ಆದರೆ ಮುಚ್ಚುತ್ತಿರಲಿಲ್ಲ. ಒಂದು ಸಂಜೆ ಸ್ಕೂಟರಿನಲ್ಲಿ ಹಿಂದೆ ಕುಳಿತು ಬರುವಾಗ ಧೂಳು ಬಿದ್ದುದು ನನ್ನ ಅರಿವಿಗೇ ಬರಲಿಲ್ಲ. ಮರುದಿನ ಕಣ್ಣು ಕೆಂಪಾಗಿ, ಕಾರ್ನಿಯದ ಮೇಲೆ ಗೀರು ಬಿದ್ದಿದೆ ಎಂದು ತಿಳಿಯಿತು. ಅಂದಿನಿಂದ ಹಗಲಿನಲ್ಲಿ ಗಂಟೆಗೊಮ್ಮೆ ಕಣ್ಣೀರಿನಂಥ ಹನಿ, ರಾತ್ರಿ ಮಲಗುವಾಗ ಮುಲಾಮು ಹಾಕಿ ರೆಪ್ಪೆಗೆ ಕಾಗದದ ಟೇಪು, ಹೊರಗೆ ಹೊರಟರೆ ಪಕ್ಕಗಳೂ ಮುಚ್ಚಿರುವ ಕನ್ನಡಕ, ಇವುಗಳನ್ನು ಒಂದು ದಿನವೂ ಬಿಡಲಿಲ್ಲ. ಈ ತೊಂದರೆ ಇರುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಕಣ್ಣಿನ ವಿಷಯವನ್ನೇ.

ಶಾಲೆಗೆ ಮರಳಿದಾಗ ನನ್ನನ್ನು ಹೆಚ್ಚು ನೋಯಿಸಿದ್ದು ಪವರ್ಗ. ಪ, ಫ, ಬ, ಭ, ಮ ಇವು ಓಷ್ಠ್ಯಗಳು ಎಂದು ವರ್ಷಗಟ್ಟಲೆ ಕಲಿಸಿದವಳಿಗೆ, ಎರಡು ತುಟಿಗಳು ಸೇರದೆ ಗಾಳಿ ಎಡಕ್ಕೆ ಸೋರಿಹೋಗುವಾಗ ಓಷ್ಠ್ಯ ಎಂಬ ಮಾತಿನ ಅರ್ಥ ಬೇರೆಯೇ ರೀತಿಯಲ್ಲಿ ತಿಳಿಯಿತು. ಎಡಗೆನ್ನೆಯನ್ನು ಬೆರಳಿನಿಂದ ಮೆಲ್ಲನೆ ಮೇಲಕ್ಕೆ ಒತ್ತಿ ಹಿಡಿದರೆ ಉಚ್ಚಾರ ಸ್ಪಷ್ಟವಾಗುತ್ತಿತ್ತು. ಒಂದು ಇಡೀ ಅವಧಿ ಹಾಗೆಯೇ ಪಾಠ ಮಾಡಿದೆ. ಮಕ್ಕಳಿಗೆ ಕಾರಣವನ್ನು ಮೊದಲ ದಿನವೇ ವಿವರಿಸಿದ್ದೆ. ಎಡಬದಿಯಿಂದ ಕರೆದರೆ ನನಗೆ ಕೇಳಿಸದು, ಕೇಳಿಸಿದರೂ ದಿಕ್ಕು ತಿಳಿಯದು, ಕೈಯೆತ್ತಿ ಎಂದೂ ಹೇಳಿದ್ದೆ. ಅವರು ನಡೆದುಕೊಂಡ ರೀತಿಗೆ ನಾನು ಇಂದಿಗೂ ಋಣಿ.

ಲಕ್ವ ಹೊಡೆದಿದೆ ಎಂದುಕೊಂಡವರು ಬಲೂನು ಊದಲು, ಚೂಯಿಂಗ್ ಗಮ್ ಜಗಿಯಲು ಹೇಳಿದರು. ಎರಡನ್ನೂ ಹಟ ಹಿಡಿದು ಮಾಡಿದೆ. ಜಗಿಯುವ ಸ್ನಾಯುಗಳು ಐದನೆಯ ನರದವು, ಅವುಗಳಿಗೆ ನಿಮ್ಮ ತೊಂದರೆಯ ಸಂಬಂಧವೇ ಇಲ್ಲ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿಕೊಟ್ಟ ಮೇಲೆ ನಿಲ್ಲಿಸಿದೆ. ನರ ಮರಳಿ ಬೆಳೆಯುವುದಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಬಲವಂತದಿಂದ ಅದರ ವೇಗ ಹೆಚ್ಚುವುದಿಲ್ಲ.

ಐದನೆಯ ತಿಂಗಳಲ್ಲಿ ತುಟಿಯ ಅಂಚು ಅದುರಿತು. ಆ ಸಂತೋಷದ ಹಿಂದೆಯೇ, ಕೆಲವು ತಿಂಗಳುಗಳಲ್ಲಿ, ಊ ಎಂದು ತುಟಿ ದುಂಡಾಗಿಸಿದಾಗಲೆಲ್ಲ ಎಡಗಣ್ಣು ತಾನಾಗಿ ಕಿರಿದಾಗತೊಡಗಿತು. ಬೆಳೆಯುವ ನರದ ಎಳೆಗಳು ದಾರಿ ತಪ್ಪಿ, ಬಾಯಿಗೆ ಹೋಗಬೇಕಾದವು ಕಣ್ಣಿನ ಸ್ನಾಯುವಿಗೆ ಸೇರಿದಾಗ ಹೀಗಾಗುತ್ತದೆ. ಇದಕ್ಕೆ ಸಿನ್‌ಕೈನೇಸಿಸ್ ಎನ್ನುತ್ತಾರೆ. ಬಲ ಹಾಕಿ ಮುಖ ಹಿಂಡಿದರೆ ಈ ತಪ್ಪು ಅಭ್ಯಾಸವೇ ಗಟ್ಟಿಯಾಗಬಹುದೆಂದು ತಿಳಿದು ಅಭ್ಯಾಸದ ಕ್ರಮವನ್ನೇ ಬದಲಿಸಿದೆ. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ಕನ್ನಡಿಯ ಮುಂದೆ ಕುಳಿತು, ಊ ಎಂಬ ಅಕ್ಷರವನ್ನು ದನಿಯಿಲ್ಲದೆ ಬಲು ನಿಧಾನವಾಗಿ ಆರಂಭಿಸಿ, ಕಣ್ಣು ಕಿರಿದಾಗುವ ಮೊದಲೇ ನಿಲ್ಲಿಸುತ್ತೇನೆ. ಬಲಭಾಗವೂ ಎಡಭಾಗಕ್ಕಿಂತ ಮುಂದೆ ಹೋಗದಂತೆ ತಡೆಯುತ್ತೇನೆ. ಮೊದಮೊದಲು ತುಟಿ ಒಂದು ಕೂದಲೆಳೆಯಷ್ಟು ಕದಲಿದರೆ ಅದೇ ಆ ದಿನದ ಕೆಲಸವಾಗಿತ್ತು.

ಓಲಾಟ ಇದಕ್ಕಿಂತ ಬೇಗ ಸುಧಾರಿಸಿತು, ಏಕೆಂದರೆ ಒಂದು ಕಿವಿಯ ಕೊರತೆಯನ್ನು ಮಿದುಳು ಕಣ್ಣು ಮತ್ತು ಪಾದಗಳ ನೆರವಿನಿಂದ ತುಂಬಿಕೊಳ್ಳಲು ಕಲಿಯುತ್ತದೆ. ಗೋಡೆಯ ಮೇಲಿನ ಒಂದು ಅಕ್ಷರದ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಅತ್ತಿತ್ತ ತಿರುಗಿಸುವ ವ್ಯಾಯಾಮ ಆರಂಭದಲ್ಲಿ ಓಕರಿಕೆ ತಂದರೂ ಬಿಡಲಿಲ್ಲ. ಆದರೆ ಕಣ್ಣಿನ ನೆರವು ತಪ್ಪಿದೊಡನೆ ಕೊರತೆ ಮರಳುತ್ತದೆ. ತಲೆಸ್ನಾನ ಮಾಡುವಾಗ ಕಣ್ಣು ಮುಚ್ಚಿ ಬಚ್ಚಲಲ್ಲಿ ಬಿದ್ದ ಮೇಲೆ ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡುತ್ತೇನೆ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ.

ಈಗ ಪವರ್ಗ ಸ್ಪಷ್ಟವಾಗಿದೆ. ಎಡಹುಬ್ಬು ಏಳುವುದಿಲ್ಲ, ಊಟಕ್ಕೆ ಕುಳಿತರೆ ಎಡಗಣ್ಣಿನಲ್ಲಿ ನೀರು ಬರುತ್ತದೆ. ಅದೂ ದಾರಿ ತಪ್ಪಿದ ಎಳೆಗಳ ಕೆಲಸವೇ. ಕಣ್ಣು ಕಿರಿದಾಗುವುದಕ್ಕೆ ಬೊಟಾಕ್ಸ್ ಚುಚ್ಚುಮದ್ದನ್ನು ಎರಡು ಬಾರಿ ಪಡೆದಿದ್ದೇನೆ. ಅದರ ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ, ಆದರೆ ಅಷ್ಟು ಕಾಲ ಕಣ್ಣು ಸಡಿಲವಾಗಿರುವುದರಿಂದ ಕನ್ನಡಿಯ ಮುಂದಿನ ಅಭ್ಯಾಸ ಸುಲಭವಾಗುತ್ತದೆ. ಮೂರನೆಯದನ್ನು ಬೇಸಿಗೆ ರಜೆಯಲ್ಲಿ ತೆಗೆದುಕೊಳ್ಳಬೇಕೆಂದಿದ್ದೇನೆ.